ಅಳತೆಗೆ ನಿಂತವಳು

ಮೊನ್ನೆ ಆಧಾರ್ ಕಾರ್ಡಿನ ಪ್ರತಿ ತೆಗೆಸಲು ಜೆರಾಕ್ಸ್ ಅಂಗಡಿಯಲ್ಲಿ ನಿಂತಿದ್ದೆ. ಅಂಗಡಿಯಾಕೆ ಫೋನಿನಲ್ಲಿ ಯಾರನ್ನೋ ಬೈಯುತ್ತಾ, ಕಾರ್ಡನ್ನೂ ಇಡದೆ, ಯಂತ್ರದ ಮುಚ್ಚಳವನ್ನೂ ಮುಚ್ಚದೆ ಗುಂಡಿ ಒತ್ತಿಬಿಟ್ಟಳು. ಹೊರಬಂದದ್ದು ಪೂರ್ತಿ ಕಪ್ಪು ಹಾಳೆ. "ಥೂ, ಇದ್ರ ಮನೆ ಹಾಳಾಗ" ಎಂದು ಅದನ್ನು ಪಕ್ಕಕ್ಕೆ ಎಸೆದಳು. ಗಾಳಿಗೆ ಅದು ನನ್ನ ಕಾಲ ಬಳಿ ಬಂದು ಬಿತ್ತು. ಎತ್ತಿಕೊಂಡೆ. ಇನ್ನೂ ಬೆಚ್ಚಗಿತ್ತು. ಅಕ್ಷರಗಳಿರುವ ಹಾಳೆಗೆ ಅಷ್ಟು ವಾಸನೆ ಇರುವುದಿಲ್ಲ. ಆದರೆ ಇಡೀ ಹಾಳೆ ಕಪ್ಪಾದಾಗ, ಇಸ್ತ್ರಿ ಪೆಟ್ಟಿಗೆ ಬಟ್ಟೆಯ ಮೇಲೆ ಸ್ವಲ್ಪ ಹೆಚ್ಚು ಹೊತ್ತು ಕೂತರೆ ಬರುತ್ತದಲ್ಲ, ಅಂಥದೊಂದು ಸುಟ್ಟ ವಾಸನೆ ಮೂಗಿಗೆ ಹತ್ತುತ್ತದೆ. ನನಗೆ ಆ ವಾಸನೆ ಗೊತ್ತಿತ್ತು. ಹಿಂದೊಮ್ಮೆ ಎದುರುಮನೆ ಮೇಷ್ಟ್ರು ಅಂಥದೇ ಒಂದು ಹಾಳೆಯನ್ನು ಹಿಡಿದುಕೊಂಡು ನನ್ನ ಕಿಟಕಿಯ ಹೊರಗೆ ಕೂತಿದ್ದರು...

ಬಾಡಿಗೆ ಮನೆಯಾದರೂ ಅವರ ಹೆಸರು ಗೇಟಿನ ಮೇಲೆ ಬರೆದಿತ್ತು. ಆದರೆ ಆ ಹೆಸರು ಹಿಡಿದು ಕರೆದವರನ್ನು ನಾನು ಕಾಣೆ. ಬೀದಿಗೆಲ್ಲ ಅವರು ಮೇಷ್ಟ್ರು, ನನಗೆ ಸಾರ್. ಕುಣಿಗಲ್ ಕಡೆಯವರು. ತುಮಕೂರಿನ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಪಾಠ ಮಾಡಿ ನಿವೃತ್ತರಾಗಿದ್ದರು. ಮಕ್ಕಳಿರಲಿಲ್ಲ. ನಾನು ಈ ಬೀದಿಗೆ ಬಾಡಿಗೆಗೆ ಬರುವ ಹೊತ್ತಿಗೆ ಅವರ ಹೆಂಡತಿಯೂ ಇರಲಿಲ್ಲ. ಹಾಗಾಗಿ ಆಕೆಯನ್ನು ನಾನು ನೋಡಿದವಳಲ್ಲ. ಮೇಷ್ಟ್ರು ಬೆಳಗ್ಗೆ ವೈರಿನ ಬ್ಯಾಗು ಹಿಡಿದು ಹಾಲಿಗೆ ಹೋಗುವುದು, ಹಾಲಿನ ಪ್ಯಾಕೆಟ್ಟನ್ನು ತೊಳೆದು ತಂತಿಗೆ ಸಿಕ್ಕಿಸುವುದು, ಗೇಟಿನ ಪಕ್ಕದ ಹೊಂಗೆ ಗಿಡಕ್ಕೆ ಅಕ್ಕಿ ತೊಳೆದ ನೀರು ಹಾಕುವುದು, ಇಷ್ಟನ್ನು ನನ್ನ ಕಿಟಕಿಯಿಂದ ದಿನಾ ನೋಡುತ್ತಿದ್ದೆ. ನನಗೂ ನೋಡಲು ಬೇರೆ ಏನೂ ಇರಲಿಲ್ಲ ಅನ್ನಿ. ಅಮ್ಮ ಹೋದ ಮೇಲೆ ನನ್ನೂರು ಗುಬ್ಬಿಯಲ್ಲಿ ನನ್ನವರು ಅಂತ ಯಾರೂ ಉಳಿದಿರಲಿಲ್ಲ. ಅತಿಥಿ ಉಪನ್ಯಾಸಕಿಯ ಕೆಲಸ, ಮುಗಿಯದ ಪಿಎಚ್.ಡಿ., ಒಂದು ಲ್ಯಾಪ್‌ಟಾಪು. ರಜೆಯ ದಿನಗಳಲ್ಲಿ ತರಕಾರಿ ಗಾಡಿಯವನ ಹತ್ತಿರ ಬಿಟ್ಟರೆ ಯಾರ ಹತ್ತಿರವೂ ಬಾಯಿ ಬಿಡದೆ ಸಂಜೆಯಾಗುತ್ತಿತ್ತು.

ನನ್ನ ಪಿಎಚ್.ಡಿ. ವಿಷಯ ಹಳೆಯ ಸಂತೆಗಳು. ಅದಕ್ಕೆ ಬೇಕಾದ ಲೇಖನಗಳನ್ನು ವಿಶ್ವವಿದ್ಯಾಲಯದ ಆನ್‌ಲೈನ್ ಲೈಬ್ರರಿಯಲ್ಲಿ ಹುಡುಕುತ್ತಿದ್ದೆ. ಸಿಕ್ಕರೆ ಅಲ್ಲೇ ಇಳಿಸಿಕೊಳ್ಳುವುದು, ಸಿಗದಿದ್ದರೆ 'ಲೇಖನ ತರಿಸಿ' ಎಂಬ ಗುಂಡಿ ಒತ್ತುವುದು. ಆಗ ಯಾವುದೋ ಊರಿನ ಯಾವುದೋ ಲೈಬ್ರರಿಯಲ್ಲಿ ಯಾರೋ ಒಬ್ಬರು ಕಪಾಟಿನಿಂದ ಹಳೆಯ ಸಂಪುಟ ಇಳಿಸಿ, ನಾವು ಕೇಳಿದ ಪುಟಗಳನ್ನು ಸ್ಕ್ಯಾನ್ ಮಾಡಿ ಇ-ಮೇಲಿಗೆ ಕಳಿಸುತ್ತಾರೆ. ಈ ವಿಷಯ ಒಂದು ದಿನ ಗೇಟಿನ ಬಳಿ ಮೇಷ್ಟ್ರ ಜೊತೆ ಮಾತಿಗೆ ಬಂದಿತ್ತು. ಅದಾದ ಕೆಲವು ದಿನಕ್ಕೆ ಮೇಷ್ಟ್ರು ತಮ್ಮ ಮನೆಯ ಪ್ಲಾಸ್ಟಿಕ್ ಕುರ್ಚಿಯನ್ನು ತಾವೇ ಹೊತ್ತುಕೊಂಡು ಬೀದಿ ದಾಟಿ ಬಂದರು.

ಒಂಟಿ ಹೆಂಗಸಿನ ಮನೆಯೊಳಗೆ ಬಂದು ಕೂರುವುದು ಅವರಿಗೆ ಸರಿಬರಲಿಲ್ಲ. ಕಿಟಕಿಯ ಹೊರಗೆ, ವರಾಂಡದಲ್ಲಿ ಕುರ್ಚಿ ಹಾಕಿಕೊಂಡರು. ನಾನು ಒಳಗೆ. ನಡುವೆ ಕಂಬಿ. ಈಗ ನೆನೆಸಿಕೊಂಡರೆ ಬಸ್ ಸ್ಟ್ಯಾಂಡಿನ ಪಾಸು ಕೊಡುವ ಕೌಂಟರಿನ ಹಾಗಿತ್ತು ನಮ್ಮ ವ್ಯವಸ್ಥೆ.

"ನಿನ್ ಕಂಪ್ಯೂಟರಲ್ಲಿ ಒಂದು ಆರ್ಟಿಕಲ್ ತರಿಸಿಕೊಡ್ತೀಯೇನಮ್ಮಾ?"

"ಯಾರ್ದು ಸಾರ್?"

"ನಮ್ ಪ್ರೊಫೆಸರ್ದು. ಆರ್ಟಿಕಲ್ ಕಟ್ಕೊಂಡು ನಂಗೇನೂ ಆಗ್ಬೇಕಾಗಿಲ್ಲ. ಅದ್ರೊಳಗೆ ನಮ್ಮನೆಯವಳ ಫೋಟೋ ಇದೆ."

ಅವರು ಹೇಳಿದ ಕಥೆ ಇಷ್ಟು. ಮದುವೆಯಾದ ಹೊಸತು. ಅವರ ಪ್ರೊಫೆಸರು ಈ ಭಾಗದ ದೊಡ್ಡ ದೊಡ್ಡ ಹಿಪ್ಪೆ ಮರಗಳ ಬಗ್ಗೆ ಬರೆಯುತ್ತಿದ್ದರಂತೆ. ಊರ್ಡಿಗೆರೆ ಕಡೆ ಒಂದು ಭಾರಿ ಮರವಿದೆ, ಫೋಟೋ ತೆಗೆದುಕೊಂಡು ಬಾ ಎಂದು ಕ್ಯಾಮೆರಾ ಕೊಟ್ಟು ಶಿಷ್ಯನನ್ನು ಅಟ್ಟಿದರು. ಆ ಊರಿನಲ್ಲಿ ಹೆಂಡತಿಯ ಚಿಕ್ಕಮ್ಮನ ಮನೆಯೂ ಇದ್ದುದರಿಂದ ಆಕೆಯೂ ಜೊತೆಗೆ ಬಂದಳು. ಮರದ ಫೋಟೋ ತೆಗೆಯುವಾಗ ಪಕ್ಕದಲ್ಲಿ ಒಬ್ಬ ಮನುಷ್ಯನನ್ನು ನಿಲ್ಲಿಸುವುದು ಸಸ್ಯಶಾಸ್ತ್ರದವರ ಪದ್ಧತಿ. ಆಗಲೇ ಮರ ಎಷ್ಟು ದೊಡ್ಡದು ಎಂಬುದು ನೋಡುವವರಿಗೆ ತಿಳಿಯುವುದು. ಆ ಬೆಳಗ್ಗೆ ಅಲ್ಲಿ ಬೇರೆ ಯಾರೂ ಇರಲಿಲ್ಲ.

"ಸ್ವಲ್ಪ ಅಳತೆಗೆ ನಿಂತ್ಕೊಳ್ಳೇ ಅಂದೆ. ನಾನೇನ್ ಬಟ್ಟೆ ಅಂಗಡಿ ಗಜಕಡ್ಡಿನಾ ಅಂತ ರೇಗಿದಳು ಕಣಮ್ಮಾ. ರೇಗ್ತಾನೇ ಹೋಗಿ ನಿಂತಳು."

ಫೋಟೋ ಅಚ್ಚಾಯಿತು. ಅದರ ಅಡಿಯಲ್ಲಿ 'ಹಿಪ್ಪೆ ಮರ, ಅಳತೆಗೆ ಪಕ್ಕದಲ್ಲಿ ಮನುಷ್ಯಾಕೃತಿ' ಎಂಬರ್ಥದ ಇಂಗ್ಲಿಷ್ ಸಾಲು. ಹೆಸರು ಹಾಕೋಣ ಸಾರ್ ಎಂದು ಇವರು ಕೇಳಿದ್ದಕ್ಕೆ ಪ್ರೊಫೆಸರು ನಕ್ಕುಬಿಟ್ಟರಂತೆ. ಇವರ ಬಳಿಯಿದ್ದ ಪತ್ರಿಕೆಯ ಪ್ರತಿ, ಮನೆ ಬದಲಿಸುವಾಗ ಎಲ್ಲೋ ಹೋಯಿತು. ಮದುವೆಯ ಆಲ್ಬಮ್ಮನ್ನು ಗೆದ್ದಲು ತಿಂದಿತ್ತು. ಆಕೆಗೋ ಕ್ಯಾಮೆರಾ ಕಂಡರಾಗದು, ಯಾರದಾದರೂ ಮದುವೆಗೆ ಹೋದರೂ ಫೋಟೋದ ಹೊತ್ತಿಗೆ ಅಡುಗೆ ಮನೆ ಕಡೆ ಸರಿದುಬಿಡುತ್ತಿದ್ದಳಂತೆ.

ಇಷ್ಟು ಹೇಳಿ ಮೇಷ್ಟ್ರು ಅಂಗಿಯ ಜೇಬಿನಿಂದ ವೋಟರ್ ಕಾರ್ಡೊಂದನ್ನು ತೆಗೆದು ಕಂಬಿಯೊಳಗಿಂದ ನನಗೆ ಕೊಟ್ಟರು. ಉಳಿದಿದ್ದ ಒಂದೇ ಫೋಟೋ ಅದು. ಅಂಥ ಕಾರ್ಡುಗಳಲ್ಲಿ ನಾವೆಲ್ಲ ಹೇಗೆ ಕಾಣುತ್ತೇವೆ ಎಂದು ನಿಮಗೆ ಗೊತ್ತಲ್ಲ. ಕಣ್ಣು ಅರೆ ಮುಚ್ಚಿ, ಗಲ್ಲ ಊದಿ, ಪೊಲೀಸರು ಹಿಡಿದು ತಂದ ಹಾಗೆ ಒಬ್ಬ ಹೆಂಗಸು.

"ಇವಳು ಅವಳಲ್ಲ ಕಣಮ್ಮಾ. ಆದ್ರೆ ಈಗೀಗ ಕಣ್ಣು ಮುಚ್ಚಿದ್ರೆ ಇವಳೇ ಬರ್ತಾಳೆ. ಅವಳ ಮುಖಾನ ಈ ಕಾರ್ಡು ತಿಂದ್ಹಾಕ್ತಾ ಇದೆ."

ಕಾರ್ಡು ವಾಪಸು ಕೊಟ್ಟು ಲ್ಯಾಪ್‌ಟಾಪನ್ನು ಕಿಟಕಿಯ ಕಟ್ಟೆಗೆ ಎತ್ತಿಟ್ಟು ಪರದೆಯನ್ನು ಇಬ್ಬರಿಗೂ ಕಾಣುವ ಹಾಗೆ ಓರೆಯಾಗಿ ತಿರುಗಿಸಿದೆ.

ಹುಡುಕುವುದು ಸುಲಭವಿರಲಿಲ್ಲ. ಲೇಖನದ ಹೆಸರು ಅವರಿಗೆ ನೆನಪಿರಲಿಲ್ಲ. ಪತ್ರಿಕೆಯ ಹೆಸರೂ ಅರ್ಧಂಬರ್ಧ. "ಹಸಿರು ರಟ್ಟು, ಅದರ ಮೇಲೆ ಜರೀಗಿಡದ ಚಿತ್ರ" ಎಂದು ಮಾತ್ರ ಖಚಿತವಾಗಿ ಹೇಳುತ್ತಿದ್ದರು. ರಟ್ಟಿನ ಬಣ್ಣ ತುಂಬುವ ಚೌಕ ಆ ಲೈಬ್ರರಿಯಲ್ಲಿ ಇಲ್ಲವಲ್ಲ. ಪ್ರೊಫೆಸರ ಹೆಸರು ಹಾಕಿದರೆ ಅದೇ ಹೆಸರಿನ ಹಲ್ಲಿನ ಡಾಕ್ಟರೊಬ್ಬರ ಲೇಖನಗಳು ಸಾಲುಸಾಲಾಗಿ ಬರುತ್ತಿದ್ದವು. ಅವರೆಕಾಯಿ ಕಾಲ ಅದು. ಮೇಷ್ಟ್ರು ಸಂಜೆ ಬರುವಾಗ ಒಂದು ಚೀಲ ಅವರೆಕಾಯಿಯನ್ನೂ ತರುತ್ತಿದ್ದರು. ನಾನು ಒಳಗೆ ಹುಡುಕುವುದು, ಅವರು ಹೊರಗೆ ಬಿಡಿಸುವುದು. ಆ ಸೊಗಡು ಕೀಬೋರ್ಡಿಗೂ ಹತ್ತಿಕೊಂಡಿತ್ತು. ಬಿಡಿಸಿದ ಕಾಳಿನಲ್ಲಿ ಅರ್ಧ ನನ್ನ ಪಾತ್ರೆಗೆ ಸುರಿದು, ಕುರ್ಚಿ ಹೊತ್ತುಕೊಂಡು ಹೋಗುತ್ತಿದ್ದರು. ಕುರ್ಚಿ ಇಲ್ಲೇ ಇರಲಿ ಸಾರ್ ಎಂದರೆ, "ಬೇಡ ಕಣಮ್ಮಾ, ಜನ ಏನಂತಾರೆ" ಎನ್ನುತ್ತಿದ್ದರು. ಕುರ್ಚಿ ಹೊತ್ತು ಬೀದಿ ದಾಟುವುದನ್ನು ನೋಡಿ ಜನ ಏನನ್ನುತ್ತಿದ್ದರೋ.

ಕಡೆಗೂ ಸಿಕ್ಕಿದ್ದು ಬೇರೊಬ್ಬರ ಲೇಖನದ ಬಾಲದಲ್ಲಿ. ಯಾರೋ ಹಿಪ್ಪೆ ಎಣ್ಣೆಯ ಬಗ್ಗೆ ಬರೆದವರು ಕೊನೆಗೆ ತಾವು ಓದಿದ್ದನ್ನೆಲ್ಲ ಪಟ್ಟಿ ಮಾಡುವಾಗ ಮೇಷ್ಟ್ರ ಪ್ರೊಫೆಸರನ್ನೂ ಸೇರಿಸಿದ್ದರು. ಪತ್ರಿಕೆ, ಸಂಪುಟ, ಎಲ್ಲಿಂದ ಎಲ್ಲಿಯವರೆಗೆ ಪುಟ, ಎಲ್ಲ ಚೊಕ್ಕವಾಗಿ ಇತ್ತು. ಇಬ್ಬರೂ ಚಿಕ್ಕ ಮಕ್ಕಳ ಹಾಗೆ ಕುಣಿದಾಡುವುದೊಂದು ಬಾಕಿ. ಕೋರಿಕೆಯ ಚೌಕಗಳನ್ನು ತುಂಬಿದೆ. ಕೊನೆಯಲ್ಲಿ 'ಷರಾ' ಎಂಬ ಖಾಲಿ ಜಾಗವಿತ್ತು. ನಾನು ಯಾವತ್ತೂ ಅದರಲ್ಲಿ ಏನನ್ನೂ ಬರೆದವಳಲ್ಲ. ಮೇಷ್ಟ್ರು ಬಿಡಲಿಲ್ಲ.

"ಆ ಕಡೆ ಒಬ್ಬರು ಮನುಷ್ಯರೇ ಅಲ್ವೇನಮ್ಮಾ ಇರೋದು? ಧೂಳಿನಲ್ಲಿ ಹುಡುಕ್ಬೇಕು ಪಾಪ. ನಮಸ್ಕಾರ ಅಂತ ಬರಿ. ಅದ್ರಲ್ಲಿ ನಮ್ಮನೆಯವಳಿದಾಳೆ ಅಂತಾನೂ ಬರಿ."

ಬರೆದೆ. ಬರೆಯುವಾಗ ನಗು ಬಂತು, ನಗಲಿಲ್ಲ.

ಅಂದಿನಿಂದ ಅವರದು ದಿನಾ ಒಂದೇ ಪ್ರಶ್ನೆ. ನಾನು ಕಾಲೇಜಿನಿಂದ ಬಂದು ಬೀಗ ತೆಗೆಯುವ ಸದ್ದಿಗೆ ಎದುರುಮನೆಯ ಬಾಗಿಲು ತೆರೆಯುತ್ತಿತ್ತು. "ಬಂತೇನಮ್ಮಾ?" ಇಲ್ಲ ಸಾರ್ ಎಂದರೆ ಕುರ್ಚಿಯೊಂದಿಗೆ ಬಂದು ಕೂರುತ್ತಿದ್ದರು. ಬಂದಿಲ್ಲ ಎಂಬುದನ್ನು ಪರದೆಯ ಮೇಲೆ ಕಣ್ಣಾರೆ ನೋಡಬೇಕು ಅವರಿಗೆ. ನೋಡಿ, ಆಮೇಲೆ ಹೆಂಡತಿಯ ಸುದ್ದಿ. ಸಿ.ಎಸ್. ಪುರದ ಮದುವೆಯೊಂದರಲ್ಲಿ ಸಾರಿಗೆ ಉಪ್ಪಿಲ್ಲ ಎಂದು ಅಡುಗೆ ಭಟ್ಟರನ್ನು ಕರೆಸಿ ಹೇಳಿದ್ದು, ಬಸ್ಸಿನಲ್ಲಿ ಚಿಲ್ಲರೆ ಕೊಡದ ಕಂಡಕ್ಟರನ ಜೊತೆ ಕುಣಿಗಲ್‌ವರೆಗೂ ಜಗಳವಾಡಿದ್ದು... ಆಕೆ ಏನು ಮಾಡಿದಳು, ಏನು ಅಂದಳು ಎಲ್ಲ ಹೇಳುತ್ತಿದ್ದರು. ಹೇಗಿದ್ದಳು ಎಂದು ಮಾತ್ರ ಹೇಳಲಾಗುತ್ತಿರಲಿಲ್ಲ. ಹೇಳಲು ಹೊರಟು ಅಲ್ಲೇ ನಿಂತುಬಿಡುತ್ತಿದ್ದರು.

ನಿಜ ಹೇಳುತ್ತೇನೆ, ಆ ದಿನಗಳಲ್ಲಿ ನಾನು ಸಂತೋಷವಾಗಿದ್ದೆ. ಮನೆಗೆ ಬಂದ ತಕ್ಷಣ ಯಾರೋ ಒಬ್ಬರು ನನ್ನನ್ನು ಏನನ್ನೋ ಕೇಳುತ್ತಾರೆ ಎಂಬುದೇ ದೊಡ್ಡದಾಗಿತ್ತು ನನಗೆ.

ಲೇಖನ ಬಂತು. ತೆರೆದು ನೋಡಿದರೆ ಬರೀ ಅಕ್ಷರ. ನಡುವೆ ಒಂದು ಕಡೆ 'ಚಿತ್ರ ನೋಡಿ' ಎಂದಿದೆ, ಚಿತ್ರವಿಲ್ಲ. ಮೇಷ್ಟ್ರು ಹಣೆ ಚಚ್ಚಿಕೊಂಡರು. ಹಳೆಯ ಪತ್ರಿಕೆಗಳಲ್ಲಿ ಫೋಟೋಗಳನ್ನು ಬೇರೆ ನುಣುಪು ಕಾಗದದಲ್ಲಿ ಅಚ್ಚು ಮಾಡಿ ನಡುವೆ ಸೇರಿಸಿ ಹೊಲಿಯುತ್ತಿದ್ದರು. ಅದಕ್ಕೆ ಪುಟಸಂಖ್ಯೆ ಇರುತ್ತಿರಲಿಲ್ಲ. ನಾವು ಕೇಳಿದ್ದು ಪುಟಸಂಖ್ಯೆಯ ಪ್ರಕಾರ, ಅವರು ಕಳಿಸಿದ್ದೂ ಅದರ ಪ್ರಕಾರ. "ಲೇಖನದ ಪಟ್ಟಿ ಮಾಡೋವಾಗ ಹಿಂಗೇ ಪುಟಸಂಖ್ಯೆ ಹಾಕ್ಬೇಕು ಅಂತ ಜನ್ಮಪೂರ್ತಿ ಹುಡುಗರಿಗೆ ಹೇಳ್ಕೊಟ್ಟೋನು ನಾನೇ" ಎಂದು ತಮ್ಮನ್ನೇ ಬೈದುಕೊಂಡರು.

ಮತ್ತೆ ಕೋರಿಕೆ. ಈ ಸಲ ಬರೀ ಚಿತ್ರದ ಹಾಳೆ ಎಂದು ಬರೆದೆವು. ಬೇಗನೇ ಬಂತು. ಬಂದ ಸುದ್ದಿ ನನ್ನ ಫೋನಿಗೆ ಬಂದಾಗ ನಾನು ಕಾಲೇಜಿನಲ್ಲಿದ್ದೆ. ಮೊದಲು ಅವರೇ ನೋಡಲಿ ಎಂದು ನಾನು ತೆರೆಯದೆ, ನೇರವಾಗಿ ಜೆರಾಕ್ಸ್ ಅಂಗಡಿಗೆ ಕಳಿಸಿ, ಹೋಗಿ ತೆಗೆದುಕೊಳ್ಳಿ ಎಂದು ಅವರಿಗೆ ಫೋನ್ ಮಾಡಿದೆ. ನಾನು ಮನೆಗೆ ಬಂದಾಗ ಅವರು ಕಿಟಕಿಯ ಹೊರಗೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಕೈಯಲ್ಲಿ ಕಪ್ಪು ಹಾಳೆ. ಅಕ್ಷರಗಳನ್ನು ಸ್ಕ್ಯಾನ್ ಮಾಡುವ ರೀತಿಯಲ್ಲೇ ಫೋಟೋವನ್ನೂ ಮಾಡಿದ್ದರಿಂದ ನೆರಳಿದ್ದ ಕಡೆಯೆಲ್ಲ ಮಸಿ ಬಳಿದಂತಾಗಿತ್ತು. ಮೇಲೆ ಒಂದು ಚೂರು ಆಕಾಶ ಬಿಟ್ಟರೆ ಮರವೂ ಇಲ್ಲ, ಆಕೆಯೂ ಇಲ್ಲ. ಆ ಸುಟ್ಟ ವಾಸನೆ ವರಾಂಡದ ತುಂಬ ಇತ್ತು. ಮೇಷ್ಟ್ರು ಹಾಳೆಯನ್ನು ಬಿಸಿಲಿಗೆ ಹಿಡಿದು, ಹಿಂದಿನಿಂದ ನೋಡಿ, ಮತ್ತೆ ಮುಂದಿನಿಂದ ನೋಡಿದರು.

"ಇಲ್ಲೇ ಎಲ್ಲೋ ಇದಾಳೆ" ಎಂದು ಎಡಗಡೆಯ ಕಪ್ಪಿನ ಮೇಲೆ ಬೆರಳಾಡಿಸಿದರು.

ನಾನು ಒಳಗೆ ಹೋಗಿ ಮುಖ ತೊಳೆದುಕೊಂಡು ಬಂದೆ.

ಮೂರನೆಯ ಸಲ ಷರಾದಲ್ಲಿ ನಾನೇ ಬರೆದೆ. ಅವರು ಹೇಳಿಕೊಡಬೇಕಾಗಲಿಲ್ಲ. ಈ ಫೋಟೋದಲ್ಲಿರುವ ಹೆಂಗಸಿನ ಗಂಡ ನನ್ನ ಪಕ್ಕದಲ್ಲಿ ಕೂತಿದ್ದಾರೆ, ಬೇರೆ ಫೋಟೋ ಇಲ್ಲ, ದಯವಿಟ್ಟು ಇನ್ನೊಮ್ಮೆ ನೋಡಿ ಎಂದು. ಬಹಳ ದಿನ ಏನೂ ಬರಲಿಲ್ಲ. ಅವರೆಕಾಯಿ ಮುಗಿಯಿತು. ಪರದೆಯ ಮೇಲೆ 'ಹುಡುಕಲಾಗುತ್ತಿದೆ' ಎಂಬ ಒಂದೇ ಮಾತು. ಮೇಷ್ಟ್ರು ಈಗ ಕಡಲೆಕಾಯಿ ತರುತ್ತಿದ್ದರು. ಮಾತು ಕಮ್ಮಿಯಾಗಿತ್ತು. ಕೆಲವು ದಿನ ಸುಮ್ಮನೆ ಕೂತು, ಪರದೆಯನ್ನು ನೋಡಿ, ಎದ್ದು ಹೋಗುತ್ತಿದ್ದರು.

ಒಂದು ಭಾನುವಾರ ಬೆಳಗ್ಗೆ ಬಂತು. ಜೊತೆಗೆ ಇಂಗ್ಲಿಷಿನಲ್ಲಿ ಚಿಕ್ಕದೊಂದು ಷರಾ, ಹೆಸರಿಲ್ಲದ್ದು. 'ಹೊಲಿಗೆ ಬಿಗಿಯಿತ್ತು, ಬಿಚ್ಚಿ ಈ ಸಲ ಫೋಟೋದ ರೀತಿಯಲ್ಲೇ ಸ್ಕ್ಯಾನ್ ಮಾಡಿದ್ದೇನೆ. ಅಮ್ಮ ಎಡಗಡೆ ನಿಂತಿದ್ದಾರೆ.'

ನಾನು ಕಿಟಕಿಯಿಂದಲೇ ಕೂಗಿದೆ. ಮೇಷ್ಟ್ರು ಬರಿಗಾಲಿನಲ್ಲಿ ಬಂದರು, ಕುರ್ಚಿಯಿಲ್ಲದೆ. ಪರದೆಯ ತುಂಬ ಹಿಪ್ಪೆ ಮರ. ನಾಲ್ಕು ಜನ ತಬ್ಬಿದರೂ ಸಿಗದಂಥ ಬೊಡ್ಡೆ. ಅದರ ಪಕ್ಕದಲ್ಲಿ, ಎಡಕ್ಕೆ, ಕಿರುಬೆರಳಿನ ಉಗುರಿನಷ್ಟು ಎತ್ತರದ ಒಬ್ಬ ಹೆಂಗಸು. ಮರ ದೊಡ್ಡದೆಂದು ತೋರಿಸಲು ತೆಗೆದ ಫೋಟೋ ಅಲ್ಲವೇ, ಆಕೆ ಅಷ್ಟೇ ಇರಬೇಕು. ನಾವಿಬ್ಬರೂ ಇಷ್ಟು ದಿನ ಅದನ್ನು ಯೋಚಿಸಿಯೇ ಇರಲಿಲ್ಲ.

"ದೊಡ್ಡದು ಮಾಡಮ್ಮಾ."

ಮಾಡಿದೆ. ಸೀರೆ ದೊಡ್ಡದಾಯಿತು, ಮುಖ ದೊಡ್ಡದಾಯಿತು. ಇನ್ನೂ ಮಾಡಿದೆ. ಮುಖ ಚುಕ್ಕೆ ಚುಕ್ಕೆಯಾಗಿ ಒಡೆಯಿತು. ಹಳೆಯ ಅಚ್ಚು, ಚುಕ್ಕೆಗಳಲ್ಲೇ ಕಟ್ಟಿದ ಚಿತ್ರ. ಹತ್ತಿರ ಹೋದಷ್ಟೂ ಆಕೆ ಇಲ್ಲವಾಗುತ್ತಿದ್ದಳು. ಕಡೆಗೆ ಪರದೆಯ ತುಂಬ ಚೆಲ್ಲಿದ ರಾಗಿಯ ಹಾಗೆ ಕಪ್ಪು ಕಾಳುಗಳು ಮಾತ್ರ. ಕಣ್ಣೆಲ್ಲಿ, ಮೂಗೆಲ್ಲಿ ತಿಳಿಯಲಿಲ್ಲ. ನನಗೆ ಅಳು ಬಂತು. ಅವರ ಕಡೆ ತಿರುಗುವ ಧೈರ್ಯವಾಗಲಿಲ್ಲ.

"ಸಾಕು ಬುಡಮ್ಮಾ" ಎಂದರು ಮೇಷ್ಟ್ರು. ಅವರ ಬಾಯಲ್ಲಿ ಆ ಹಳ್ಳಿಯ ಮಾತನ್ನು ನಾನು ಅದೊಂದೇ ಸಲ ಕೇಳಿದ್ದು. "ಚಿಕ್ಕದು ಮಾಡು. ಮೊದ್ಲು ಹೆಂಗಿತ್ತೋ ಹಂಗೇ ಮಾಡು."

ಮಾಡಿದೆ. ಅವರು ಕಂಬಿ ಹಿಡಿದುಕೊಂಡು ಬಹಳ ಹೊತ್ತು ನೋಡಿದರು. ಆಕೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಒಂದು ಕಾಲಿನ ಮೇಲೆ ಭಾರ ಬಿಟ್ಟು, ಇನ್ನೊಂದು ಪಾದವನ್ನು ಆ ಕಾಲಿನ ಹಿಮ್ಮಡಿಗೆ ಉಜ್ಜುತ್ತಾ ನಿಂತಿದ್ದಳು. ಕೆಳಗೆ ಬಿದ್ದ ಹಿಪ್ಪೆ ಹೂವು ಕಾಲಿಗೆ ಅಂಟುತ್ತಿತ್ತಂತೆ. ತಲೆ ಸ್ವಲ್ಪ ಓರೆ.

"ಇವಳೇ. ಕಾಯಿಸಿದ್ರೆ ಹಿಂಗೇ ನಿಂತ್ಕೊಳ್ಳೋಳು. ಬೇಗ ತೆಗೀರಿ, ಬಿಸಿಲು ಅಂತಿದಾಳೆ ನೋಡು." ಕಣ್ಣು ಮುಚ್ಚಿ ತೆರೆದು, "ಕಾರ್ಡಿನವಳು ಹೋದ್ಲು ಕಣಮ್ಮಾ" ಎಂದರು.

ಅಂಗಡಿಯಲ್ಲಿ ದೊಡ್ಡದಾಗಿ ಮಾಡಿಸಿಕೊಡುತ್ತೇನೆ ಎಂದೆ. ಬೇಡ ಎಂದರು. ಅದೇ ಅಳತೆಯಲ್ಲಿ ಒಂದು ಪ್ರಿಂಟು ತೆಗೆಸಿಕೊಂಡು ಜೇಬಿನಲ್ಲಿಟ್ಟುಕೊಂಡರು.

ಆಮೇಲೆ... ಆಮೇಲೆ ಕೇಳಲು ಏನೂ ಉಳಿಯಲಿಲ್ಲ. ಬೀಗ ತೆಗೆಯುವ ಸದ್ದಿಗೆ ಎದುರುಮನೆಯ ಬಾಗಿಲು ತೆರೆಯುವುದು ನಿಂತಿತು. ಹಾಲಿಗೆ ಹೋಗುವಾಗ ಕಂಡರೆ ನಗುತ್ತಿದ್ದರು, ಕೈ ಎತ್ತುತ್ತಿದ್ದರು, ಅಷ್ಟೇ. ಕಾರಣವಿಲ್ಲದೆ ಕುರ್ಚಿ ಹೊತ್ತು ತರುವ ಮನುಷ್ಯರಲ್ಲ ಅವರು. ನನಗೂ ಕರೆಯಲು ಕಾರಣ ಸಿಗಲಿಲ್ಲ. ಇನ್ನೊಂದು ಲೇಖನ ಬೇಕೇ ಸಾರ್ ಎಂದು ಒಮ್ಮೆ ಕೇಳಿದೆ. "ಬೇಕಾಗಿದ್ದು ಬಂತಲ್ಲಮ್ಮಾ" ಎಂದರು. ಅವರ ಮೇಲೆ ನನಗೆ ಕೋಪ ಬಂತು, ಯಾಕೆ ಎಂದು ಕೇಳಬೇಡಿ. ಮುಂದೆ ಮೊಣಕಾಲಿನ ನೋವು ಹೆಚ್ಚಾಗಿ ಕೊತ್ತಗೆರೆಯಲ್ಲಿದ್ದ ತಮ್ಮನ ಮನೆಗೆ ಹೋದರು. ಹೋಗುವ ದಿನ ಆ ಪ್ಲಾಸ್ಟಿಕ್ ಕುರ್ಚಿಯನ್ನು ನನ್ನ ವರಾಂಡದಲ್ಲಿಟ್ಟು ಹೋಗಿದ್ದರು. ನಾನು ಕಾಲೇಜಿನಲ್ಲಿದ್ದೆ. ಅವರು ತೀರಿಕೊಂಡ ಸುದ್ದಿ, ಎದುರುಮನೆಗೆ ಬಾಡಿಗೆಗೆ ಯಾರಾದರೂ ಇದ್ದರೆ ಹೇಳಿ ಎಂದು ಬಂದ ಆ ಮನೆಯ ಮಾಲೀಕರಿಂದ ತಿಳಿಯಿತು. ಆಗಲೇ ಎಲ್ಲ ಮುಗಿದು ಬಹಳ ದಿನವಾಗಿತ್ತು.

ಮೊನ್ನೆ ಆ ಕಪ್ಪು ಹಾಳೆಯನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡು ಮನೆಗೆ ಬಂದೆ. ದಾರಿಯುದ್ದಕ್ಕೂ ಮೇಷ್ಟ್ರ ಮುಖವನ್ನು ನೆನಪಿಸಿಕೊಳ್ಳಲು ನೋಡಿದೆ. ಅವರೆಕಾಯಿ ಬಿಡಿಸುವ ಹೆಬ್ಬೆರಳು ಬಂತು. ಕುರ್ಚಿ ಹೊತ್ತ ಭುಜ ಬಂತು. ಬಗ್ಗಿದ ಬೆನ್ನು ಬಂತು. ಮುಖ ಬರಲಿಲ್ಲ. ಫೋನಿನಲ್ಲಿ ಹುಡುಕಿದೆ. ಎಲ್ಲೂ ಇಲ್ಲ. ಅಷ್ಟು ಸಂಜೆ ಕಂಬಿಯ ಈಚೆ ಆಚೆ ಕೂತಿದ್ದೆವು, ಒಂದು ಫೋಟೋ ತೆಗೆದುಕೊಳ್ಳಬೇಕು ಎಂದು ಇಬ್ಬರಿಗೂ ಹೊಳೆದಿರಲಿಲ್ಲ.

ಲ್ಯಾಪ್‌ಟಾಪನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಆನ್‌ಲೈನ್ ಲೈಬ್ರರಿ ತೆರೆದೆ. ನನ್ನ ಹಳೆಯ ಕೋರಿಕೆಗಳ ನಡುವೆ ಅವರದೂ ಇತ್ತು, 'ಪೂರ್ಣಗೊಂಡಿದೆ' ಎಂಬ ಷರಾದೊಂದಿಗೆ. ಫೋಟೋ ತೆರೆದೆ. ಮರ ಹಾಗೇ ಇದೆ, ಆಕೆಯೂ ಹಾಗೇ ಕಾಲುಜ್ಜುತ್ತಾ ನಿಂತಿದ್ದಾಳೆ. ಕ್ಯಾಮೆರಾ ಹಿಡಿದವರು ಫೋಟೋದಲ್ಲಿ ಹೇಗೆ ತಾನೇ ಇರುತ್ತಾರೆ, ನನ್ನ ಹುಚ್ಚು ಎಂದು ಮುಚ್ಚಲು ಹೊರಟವಳು ಕೆಳಗಿನ ಅಂಚನ್ನು ನೋಡಿದೆ. ಅಲ್ಲಿ ನೆಲದ ಮೇಲೆ ಉದ್ದನೆಯ ಕಪ್ಪು ಕಲೆಯೊಂದಿತ್ತು. ಅಂದು ಅದನ್ನು ಸ್ಕ್ಯಾನಿನ ಕೊಳೆ ಎಂದುಕೊಂಡಿದ್ದೆ. ಕೊಳೆಯಲ್ಲ. ಬೆಳಗಿನ ಸೂರ್ಯ ಕ್ಯಾಮೆರಾದವನ ಬೆನ್ನಿಗಿದ್ದಿರಬೇಕು. ನೀಳವಾದ ಎರಡು ಕಾಲು, ಕಿರಿದಾದ ಮೈ, ಕ್ಯಾಮೆರಾ ಎತ್ತಿ ಹಿಡಿದದ್ದಕ್ಕೆ ಎರಡೂ ಕಡೆ ಚಾಚಿದ ಮೊಣಕೈ, ನಡುವೆ ಒಂದು ತಲೆ. ಆ ತಲೆಯ ನೆರಳು ಆಕೆ ನಿಂತ ಕಡೆಗೇ ಚಾಚಿಕೊಂಡು, ಕಾಲಿನ ಹತ್ತಿರಕ್ಕೆ ಹೋಗಿತ್ತು.

ಅವರು ಇದನ್ನು ನೋಡಿರಲೇ ಇಲ್ಲ. ಆಕೆಯನ್ನು ಬಿಟ್ಟು ಬೇರೇನನ್ನೂ ಅವರು ನೋಡಿರಲಿಲ್ಲ.

ಎದುರುಮನೆಯ ಕಡೆ ನೋಡಿದೆ. ಹೊಸಬರು ಗೇಟಿನ ಮೇಲೆ ತಮ್ಮ ಹೆಸರು ಬರೆಸಿದ್ದಾರೆ. ಹೊಂಗೆ ಗಿಡ ಗೋಡೆಗಿಂತ ಎತ್ತರವಾಗಿದೆ. ನನ್ನ ವರಾಂಡದಲ್ಲಿ ಕುರ್ಚಿ ಅಲ್ಲೇ ಇದೆ, ಮೇಲೆ ಒಂದಿಷ್ಟು ಧೂಳು. ಲ್ಯಾಪ್‌ಟಾಪಿನ ಪರದೆಯನ್ನು ಅದರ ಕಡೆಗೆ ಸ್ವಲ್ಪ ಓರೆಯಾಗಿ ತಿರುಗಿಸಿದೆ.

"ಬಂತು ಸಾರ್" ಎಂದೆ. "ಇಬ್ರೂ ಬಂದಿದೀರ."